ಹೆಗಲು ತಾಳುವಷ್ಟು ಬಲ: ಮೊದಲ ಬೋಲ್ಟ್ ರೈಫಲಿನ ಆಯ್ಕೆ

ಅಮೆರಿಕ ಸಂಯುಕ್ತ ಸಂಸ್ಥಾನದ ಬಹುತೇಕ ರಾಜ್ಯಗಳಲ್ಲಿ ಜಿಂಕೆಯ ಬೇಟೆಗೆ ಕಾನೂನು ಅವಕಾಶ ಕೊಡುವ ಕಾಲ ಶರದೃತುವಿನಲ್ಲಿ ಆರಂಭವಾಗುವುದರಿಂದ, ಮೊದಲ ಬಾರಿಗೆ ದೊಡ್ಡ ರೈಫಲೊಂದನ್ನು ಕೊಳ್ಳುವವರು ಬೇಸಿಗೆ ಮುಗಿಯುವ ಹೊತ್ತಿಗೆ ಅಂಗಡಿಗಳ ಕಡೆ ಮುಖ ಮಾಡುತ್ತಾರೆ. ಅಲ್ಲಿನ ಗೋಡೆಗೆ ಸಾಲಾಗಿ ಒರಗಿಸಿದ ಹತ್ತಾರು ರೈಫಲುಗಳಲ್ಲಿ ಒಂದಕ್ಕೂ ಇನ್ನೊಂದಕ್ಕೂ ಇರುವ ವ್ಯತ್ಯಾಸ ಹೊಸಬರ ಕಣ್ಣಿಗೆ ಬೀಳುವುದಿಲ್ಲ. ಕಣ್ಣಿಗೆ ಬೀಳುವುದು ತೋಟೆಯ ಹೆಸರು, ಅದರ ವೇಗ, ಅದರ ಹೊಡೆತದ ಅಂಕಿ. ಆದ್ದರಿಂದ ಕೊಳ್ಳುವವರು ಸಾಮಾನ್ಯವಾಗಿ ಅತ್ಯಂತ ಬಲಶಾಲಿಯಾದುದರ ಕಡೆಗೆ ವಾಲುತ್ತಾರೆ, ಮತ್ತು ಮೊದಲ ರೈಫಲಿನ ವಿಷಯದಲ್ಲಿ ಆಗುವ ತಪ್ಪುಗಳಲ್ಲಿ ಇದರಷ್ಟು ಸಾಮಾನ್ಯವೂ ದುಬಾರಿಯೂ ಆದುದು ಬೇರೊಂದಿಲ್ಲ.

ಮಲೆನಾಡಿನ ಓದುಗರಿಗೆ ಪರಿಚಿತವಾದ ಕೇಪಿನ ಕೋವಿ ಮತ್ತು ಜೋಡಿನಳಿಗೆ ಕೋವಿಗಳ ನಳಿಗೆಯ ಒಳಮೈ ನುಣುಪಾಗಿದ್ದು, ಅವು ಚರೆಯನ್ನೋ ದಪ್ಪ ಗುಂಡನ್ನೋ ಕೆಲವು ಹತ್ತು ಗಜಗಳ ದೂರಕ್ಕೆ ಎಸೆಯುತ್ತವೆ. ರೈಫಲಿನ ನಳಿಗೆಯ ಒಳಗೆ ಸುರುಳಿಯಾಕಾರದ ತೋಡುಗಳನ್ನು ಕೊರೆದಿರುತ್ತಾರೆ. ಈ ತೋಡುಗಳು ಒಂಟಿ ಗುಂಡನ್ನು ತಿರುಗುವಂತೆ ಮಾಡುವುದರಿಂದ ಅದು ಗಾಳಿಯಲ್ಲಿ ಮಗುಚದೆ ಮೂತಿ ಮುಂದಾಗಿಯೇ ಸಾಗಿ ನೂರಾರು ಗಜದಾಚೆಯೂ ಗುರಿಯನ್ನು ಹಿಡಿಯುತ್ತದೆ. ರೈಫಲುಗಳಲ್ಲಿಯೂ ಎರಡು ವರ್ಗಗಳಿವೆ. ತೋಟೆಯ ತಳದ ಅಂಚಿನಲ್ಲಿ ಸಿಡಿಮದ್ದನ್ನು ಸವರಿದ, ಕೈಬೆರಳಿನ ಗಾತ್ರಕ್ಕೂ ಚಿಕ್ಕದಾದ .22ರ ತೋಟೆ ಹೊರಡಿಸುವ ಗುಂಡಿನ ಚಲನಶಕ್ತಿ ಸುಮಾರು 190 ಜೂಲ್. ತಳದ ನಡುವೆ ಪ್ರತ್ಯೇಕ ಕೇಪು ಇರುವ, ಹೊಗೆರಹಿತ ಮದ್ದು ತುಂಬಿದ .308 ವಿಂಚೆಸ್ಟರ್‌ನಂಥ ತೋಟೆಯಲ್ಲಿ ಅದೇ ಶಕ್ತಿ 3500 ಜೂಲ್ ದಾಟುತ್ತದೆ. ಈ ಎರಡನೆಯ ವರ್ಗವನ್ನೇ ಮಾತಿನಲ್ಲಿ ಹೈ ಪವರ್ ರೈಫಲ್ ಎನ್ನುತ್ತಾರೆ. ಇದರ ಗುಂಡು ಗುರಿ ತಪ್ಪಿ ಮೇಲ್ಮುಖವಾಗಿ ಹೋದರೆ ನಾಲ್ಕೈದು ಕಿಲೋಮೀಟರ್ ದೂರ ಹೋಗಿ ಬೀಳಬಲ್ಲದು. ಹಿಂಬದಿಯಲ್ಲಿ ಮಣ್ಣಿನ ದಿಬ್ಬವಿಲ್ಲದ, ದಿಣ್ಣೆಯ ನೆತ್ತಿಯ ಮೇಲೆ ನಿಂತ ಪ್ರಾಣಿಗೆ ಗುಂಡು ಹಾರಿಸಬಾರದೆಂಬ ನಿಯಮ ಹುಟ್ಟಿದ್ದು ಇದರಿಂದಲೇ.

ತೋಟೆಯನ್ನು ನಳಿಗೆಯ ಹಿಂತುದಿಯಲ್ಲಿ ಕೂರಿಸಿ ಭದ್ರಪಡಿಸುವ ವಿಧಾನಗಳಲ್ಲಿ ಬೋಲ್ಟ್ ಅತ್ಯಂತ ಸರಳವಾದುದು. ಹಳೆಯ ಮನೆಯ ಬಾಗಿಲಿನ ಅಗುಳಿಯಂತೆ ಉಕ್ಕಿನ ಕೊರಡೊಂದನ್ನು ಮುಂದಕ್ಕೆ ನೂಕಿ ಹಿಡಿಯನ್ನು ಕೆಳಕ್ಕೆ ತಿರುಗಿಸಿದರೆ, ಕೊರಡಿನ ಮೂತಿಯಲ್ಲಿರುವ ಗಟ್ಟಿ ಹಲ್ಲುಗಳು ಚೌಕಟ್ಟಿನ ಕಚ್ಚಿನಲ್ಲಿ ಕುಳಿತು ಸ್ಫೋಟದ ಒತ್ತಡವನ್ನೆಲ್ಲ ತಾಳಿಕೊಳ್ಳುತ್ತವೆ. ಮೇಲಕ್ಕೆತ್ತಿ ಹಿಂದಕ್ಕೆಳೆದರೆ ಖಾಲಿ ಚಿಪ್ಪು ಹೊರಕ್ಕೆ ಚಿಮ್ಮಿ, ತೋಟೆಗಳನ್ನು ತುಂಬಿಟ್ಟ ಪೆಟ್ಟಿಗೆಯಿಂದ ಮುಂದಿನದು ಮೇಲೇಳುತ್ತದೆ. ಈ ವ್ಯವಸ್ಥೆಯನ್ನು ಪಳಗಿಸಿ ಪೂರ್ಣಗೊಳಿಸಿದವನು ಜರ್ಮನಿಯ ಓಬರ್ನ್‌ಡಾರ್ಫ್‌ನ ಪೌಲ್ ಮೌಸರ್. 1898ರಲ್ಲಿ ಜರ್ಮನ್ ಸೈನ್ಯ ಸ್ವೀಕರಿಸಿದ ಅವನ ರೈಫಲಿನಲ್ಲಿ ಮುಂದೆ ಎರಡು ಹಲ್ಲುಗಳೂ, ಅವು ಮುರಿದರೆ ಆಸರೆಯಾಗಲೆಂದು ಹಿಂದೆ ಮೂರನೆಯದೂ, ತೋಟೆಯ ತಳವನ್ನು ಪೆಟ್ಟಿಗೆಯಿಂದ ಎದ್ದ ಕ್ಷಣದಿಂದ ಹೊರಕ್ಕೆಸೆಯುವವರೆಗೆ ಬಿಡದೆ ಹಿಡಿಯುವ ಉದ್ದನೆಯ ಉಗುರೂ ಇದ್ದವು. ಅಮೆರಿಕದ ಸೈನ್ಯ 1903ರಲ್ಲಿ ತಂದ ಸ್ಪ್ರಿಂಗ್‌ಫೀಲ್ಡ್ ರೈಫಲ್ ಇದನ್ನು ಎಷ್ಟು ಹತ್ತಿರದಿಂದ ಅನುಸರಿಸಿತೆಂದರೆ ಅಲ್ಲಿನ ಸರ್ಕಾರ ಮೌಸರ್ ಸಂಸ್ಥೆಗೆ ಪೇಟೆಂಟಿನ ಬಾಬ್ತು ಹಣ ತೆರಬೇಕಾಯಿತು.

ಅಮೆರಿಕದ ಬೇಟೆಗಾರರ ಕೈಯಲ್ಲಿ ಅದುವರೆಗೆ ಇದ್ದುದು ಟ್ರಿಗರಿನ ಸುತ್ತಣ ಸನ್ನೆಯನ್ನು ಕೆಳಕ್ಕೂ ಮೇಲಕ್ಕೂ ಆಡಿಸಿ ತೋಟೆ ತುಂಬುವ ಲಿವರ್ ರೈಫಲ್. ಮೊದಲ ಮಹಾಯುದ್ಧದಲ್ಲಿ ಬೋಲ್ಟ್ ರೈಫಲಿಗೆ ಪಳಗಿ ಮನೆಗೆ ಮರಳಿದ ಸೈನಿಕರು ಬೇಟೆಗೂ ಅಂಥದನ್ನೇ ಬಯಸಿದಾಗ ವಿಂಚೆಸ್ಟರ್ ಕಂಪನಿ 1925ರಲ್ಲಿ ಮಾಡೆಲ್ 54ನ್ನೂ 1936ರಲ್ಲಿ ಅದನ್ನು ಸುಧಾರಿಸಿದ ಮಾಡೆಲ್ 70ನ್ನೂ ಮಾರುಕಟ್ಟೆಗೆ ತಂದಿತು. ಸ್ಯಾವೇಜ್ ಕಂಪನಿಯ 110 ಬಂದದ್ದು 1958ರಲ್ಲಿ, ರೆಮಿಂಗ್ಟನ್ 700 ಬಂದದ್ದು 1962ರಲ್ಲಿ, ರೂಗರ್ ಎಂ77 ಬಂದದ್ದು 1968ರಲ್ಲಿ. ಇಂದು ಅಂಗಡಿಯಲ್ಲಿ ಕಾಣುವ ಬೋಲ್ಟ್ ರೈಫಲುಗಳಲ್ಲಿ ಬಹುಪಾಲು ಇವುಗಳ ಮಕ್ಕಳು ಮೊಮ್ಮಕ್ಕಳೇ.

ಆಯ್ಕೆ ತೋಟೆಯಿಂದ ಆರಂಭವಾಗಬೇಕು, ಏಕೆಂದರೆ ಉಳಿದೆಲ್ಲವೂ ಅದನ್ನೇ ಅನುಸರಿಸುತ್ತವೆ. ತೋಟೆಗಳ ಹೆಸರಿನಲ್ಲಿ ಏಕರೂಪದ ನಿಯಮವೊಂದಿಲ್ಲ. .308 ವಿಂಚೆಸ್ಟರ್ ಎಂಬಲ್ಲಿ ಅಂಕಿ ಗುಂಡಿನ ವ್ಯಾಸವನ್ನು ಅಂಗುಲದಲ್ಲಿ ಹೇಳಿದರೆ, .30-06 ಎಂಬಲ್ಲಿ ಮೊದಲ ಅಂಕಿ ನಳಿಗೆಯ ಒಳ ಅಳತೆಯನ್ನೂ ಎರಡನೆಯದು ಸೈನ್ಯ ಅದನ್ನು ಸ್ವೀಕರಿಸಿದ 1906ನೆಯ ಇಸವಿಯನ್ನೂ ಸೂಚಿಸುತ್ತದೆ; ವಿಚಿತ್ರವೆಂದರೆ ಎರಡರಲ್ಲಿಯೂ ಕೂರುವ ಗುಂಡಿನ ವ್ಯಾಸ ಒಂದೇ. ಚಿಪ್ಪಿನ ಉದ್ದ ಮಾತ್ರ ಬೇರೆ: .30-06ರದು 63 ಮಿಲಿಮೀಟರ್, .308ರದು 51. ಮದ್ದಿನ ತಯಾರಿಕೆ ಸುಧಾರಿಸಿದ್ದರಿಂದ 1952ರ ಹೊತ್ತಿಗೆ ಚಿಕ್ಕ ಚಿಪ್ಪಿನಲ್ಲಿಯೇ ಹೆಚ್ಚುಕಡಿಮೆ ಹಳೆಯದರಷ್ಟೇ ವೇಗವನ್ನು ಪಡೆಯಲು ಸಾಧ್ಯವಾಯಿತು, ಮತ್ತು ಅದಕ್ಕೆ ಹೊಂದುವ ರೈಫಲಿನ ಯಂತ್ರಭಾಗವೂ ಗಿಡ್ಡವಾಗಿ ಹಗುರಾಯಿತು. ಹೀಗೆ ಉದ್ದ ಯಂತ್ರಭಾಗದ ಮತ್ತು ಗಿಡ್ಡ ಯಂತ್ರಭಾಗದ ರೈಫಲುಗಳೆಂಬ ಎರಡು ಅಳತೆಗಳು ರೂಢಿಗೆ ಬಂದವು.

ಇದೇ .308ರ ಚಿಪ್ಪಿನ ಕತ್ತನ್ನು ಕಿರಿದುಮಾಡಿ 1955ರಲ್ಲಿ .243 ವಿಂಚೆಸ್ಟರನ್ನೂ, 1980ರಲ್ಲಿ 7 ಎಂಎಂ-08 ರೆಮಿಂಗ್ಟನನ್ನೂ ಮಾರುಕಟ್ಟೆಗೆ ತಂದರು. .30-06ರ ವಂಶದಲ್ಲಿ 1925ರ .270 ವಿಂಚೆಸ್ಟರ್ ಪ್ರಸಿದ್ಧವಾದುದು. ಜ್ಯಾಕ್ ಓಕಾನರ್ ಎಂಬ ಬೇಟೆ ಬರಹಗಾರ ದಶಕಗಳ ಕಾಲ ಅದರ ಪರವಾಗಿ ಬರೆದು ಅದನ್ನು ಮನೆಮಾತಾಗಿಸಿದ. 2007ರಲ್ಲಿ ಹಾರ್ನಡಿ ಕಂಪನಿ ಪರಿಚಯಿಸಿದ 6.5 ಕ್ರೀಡ್‌ಮೋರ್ ಮೂಲತಃ ಗುರಿಸ್ಪರ್ಧೆಗಾಗಿ ರೂಪುಗೊಂಡದ್ದು. ಉದ್ದನೆಯ, ಗಾಳಿಯನ್ನು ಸುಲಭವಾಗಿ ಸೀಳುವ ಗುಂಡನ್ನು ಮಿತವಾದ ವೇಗದಲ್ಲಿ ಕಳಿಸುವ ಅದರ ಗುಣ ಬೇಟೆಗಾರರಿಗೂ ಒಪ್ಪಿಗೆಯಾಗಿ, ಇಂದು ಹೊಸ ರೈಫಲುಗಳಲ್ಲಿ ಅತಿಯಾಗಿ ಕಾಣುವ ತೋಟೆಗಳಲ್ಲಿ ಅದೂ ಒಂದು. ಇವೆಲ್ಲಕ್ಕಿಂತ ಮೇಲೆ ಮ್ಯಾಗ್ನಮ್ ಎಂದು ಕರೆಯಲಾಗುವ, ಹೆಚ್ಚು ಮದ್ದಿನ ತೋಟೆಗಳಿವೆ. 1962ರ 7 ಎಂಎಂ ರೆಮಿಂಗ್ಟನ್ ಮ್ಯಾಗ್ನಮ್ ಮತ್ತು 1963ರ .300 ವಿಂಚೆಸ್ಟರ್ ಮ್ಯಾಗ್ನಮ್ ಅವುಗಳಲ್ಲಿ ಹೆಚ್ಚು ಬಳಕೆಯಲ್ಲಿರುವವು.

ಗುಂಡು ಮುಂದಕ್ಕೆ ಹೋದಷ್ಟೂ ರೈಫಲು ಹಿಂದಕ್ಕೆ ಒದೆಯುತ್ತದೆ. ಈ ಒದೆತವನ್ನು ಅಳೆಯಬಹುದು. ಮೂರೂವರೆ ಕಿಲೋ ಆಸುಪಾಸಿನ ರೈಫಲಿನಲ್ಲಿ .243ರ ಒದೆತದ ಶಕ್ತಿ ಸುಮಾರು 12 ಜೂಲ್, 6.5 ಕ್ರೀಡ್‌ಮೋರ್‌ನದು ಸುಮಾರು 16, .308ರದು 20ಕ್ಕಿಂತ ಸ್ವಲ್ಪ ಮೇಲೆ, .30-06ರದು 27ರ ಹತ್ತಿರ; .300 ಮ್ಯಾಗ್ನಮ್ ಇನ್ನಷ್ಟು ಭಾರವಾದ ರೈಫಲಿನಲ್ಲಿಯೂ 35 ಜೂಲ್ ಮುಟ್ಟುತ್ತದೆ, ಅಂದರೆ .243ರ ಮೂರು ಪಟ್ಟು. ರೈಫಲು ಹಗುರಾದಷ್ಟೂ ಅದೇ ತೋಟೆಯ ಒದೆತ ಹೆಚ್ಚುತ್ತದೆ ಎಂಬುದನ್ನು ಅಂಗಡಿಯಲ್ಲಿ ಮರೆಯುವುದು ಸುಲಭ: 3.6 ಕಿಲೋದ ರೈಫಲಿನ ಬದಲು 2.7 ಕಿಲೋದ್ದನ್ನು ಹಿಡಿದರೆ ಒದೆತದ ಶಕ್ತಿ ಮೂರನೆಯ ಒಂದರಷ್ಟು ಏರುತ್ತದೆ. ಬೆಟ್ಟ ಹತ್ತುವವರಿಗೆಂದು ಮಾಡಿದ ಹಗುರ ರೈಫಲನ್ನು ಮ್ಯಾಗ್ನಮ್ ತೋಟೆಗೆ ಕೊಳ್ಳುವ ಹೊಸಬರು ಎರಡು ತಪ್ಪುಗಳನ್ನು ಒಟ್ಟಿಗೇ ಮಾಡಿದಂತಾಗುತ್ತದೆ.

ಒದೆತದ ನಿಜವಾದ ಹಾನಿ ಭುಜದ ನೋವಿನದಲ್ಲ, ಅದು ಆರುತ್ತದೆ. ಒಂದೆರಡು ಬಾರಿ ಜೋರಾಗಿ ಒದೆಸಿಕೊಂಡ ದೇಹ ಮುಂದಿನ ಈಡಿಗೆ ಮುಂಚಿತವಾಗಿಯೇ ಅಂಜಲು ಕಲಿಯುತ್ತದೆ: ಟ್ರಿಗರ್ ಬಿಡುವ ಗಳಿಗೆಯಲ್ಲಿ ಕಣ್ಣು ಮುಚ್ಚಿ, ಭುಜ ಮುಂದಕ್ಕೆ ನೂಕಿ, ಬೆರಳು ಟ್ರಿಗರನ್ನು ಒತ್ತುವ ಬದಲು ಜಗ್ಗಿಬಿಡುತ್ತದೆ. ಗುಂಡು ಹಾರಿದ ಸದ್ದು ಮತ್ತು ಅಲುಗಾಟದಲ್ಲಿ ಈ ಬೆಚ್ಚುವಿಕೆ ಮುಚ್ಚಿಹೋಗುವುದರಿಂದ ಗುರಿಕಾರರಿಗೇ ಅದು ತಿಳಿಯುವುದಿಲ್ಲ. ಪತ್ತೆಹಚ್ಚುವ ಹಳೆಯ ಉಪಾಯವೆಂದರೆ, ಅಭ್ಯಾಸದ ಮೈದಾನದಲ್ಲಿ ಜೊತೆಗಾರರೊಬ್ಬರು ಮದ್ದಿಲ್ಲದ ಹುಸಿ ತೋಟೆಯನ್ನು ತಿಳಿಸದೆ ನಡುವೆ ಸೇರಿಸುವುದು. ಟಕ್ ಎಂಬ ಸದ್ದಷ್ಟೇ ಬಂದಾಗ ನಳಿಗೆಯ ತುದಿ ಕೆಳಕ್ಕೆ ಕುಕ್ಕಿದರೆ ರೋಗ ಬಯಲಾಯಿತು. ಒಮ್ಮೆ ಬೇರುಬಿಟ್ಟ ಈ ಅಭ್ಯಾಸವನ್ನು ಬಿಡಿಸಲು ತಿಂಗಳುಗಳೇ ಬೇಕಾಗುತ್ತವೆ, ಅದಕ್ಕೂ ಚಿಕ್ಕ ತೋಟೆಗೇ ಮರಳಬೇಕಾಗುತ್ತದೆ. ಇದರಲ್ಲಿ ಸದ್ದಿನ ಪಾತ್ರವೂ ಕಡಿಮೆಯದಲ್ಲ. ಇಂಥ ರೈಫಲಿನ ಸಿಡಿತ 160 ಡೆಸಿಬಲ್ ಮಟ್ಟವನ್ನು ಮುಟ್ಟುವುದರಿಂದ ಕಿವಿಗೆ ರಕ್ಷಣೆಯಿಲ್ಲದೆ ಒಂದು ಈಡನ್ನೂ ಹಾರಿಸಬಾರದು. ಒದೆತ ತಗ್ಗಿಸಲು ನಳಿಗೆಯ ತುದಿಗೆ ತೂತುಗಳುಳ್ಳ ಬ್ರೇಕ್ ಹಾಕುವುದುಂಟು. ಅದು ಅನಿಲವನ್ನು ಪಕ್ಕಕ್ಕೆ ತಿರುಗಿಸುವುದರಿಂದ ಭುಜಕ್ಕೆ ಸಿಕ್ಕ ನೆಮ್ಮದಿಯ ಬೆಲೆಯನ್ನು ಕಿವಿಗಳು, ಅದರಲ್ಲೂ ಪಕ್ಕದಲ್ಲಿ ನಿಂತವರ ಕಿವಿಗಳು ತೆರುತ್ತವೆ.

ದೊಡ್ಡ ಪ್ರಾಣಿಗೆ ದೊಡ್ಡ ತೋಟೆಯೇ ಬೇಕೆಂಬ ನಂಬಿಕೆಗೆ ಎದುರಾಗಿ ನಿಲ್ಲುವ ಸಾಕ್ಷ್ಯ ಕನ್ನಡದ ಓದುಗರಿಗೆ ಅಪರಿಚಿತವಲ್ಲ. ಚಂಪಾವತದ ನರಭಕ್ಷಕ ಹುಲಿಯನ್ನು 1907ರಲ್ಲಿ ಕೊಂದುದಕ್ಕಾಗಿ ಸಂಯುಕ್ತ ಪ್ರಾಂತದ ಲೆಫ್ಟಿನೆಂಟ್ ಗವರ್ನರ್ ಸರ್ ಜಾನ್ ಹ್ಯೂವೆಟ್ ಜಿಮ್ ಕಾರ್ಬೆಟ್ ಅವರಿಗೆ ಕೊಟ್ಟ ಉಡುಗೊರೆ .275 ರಿಗ್ಬಿ ಎಂಬ ಮೌಸರ್ ಮಾದರಿಯ ಬೋಲ್ಟ್ ರೈಫಲಾಗಿದ್ದು, ಅದರ ತೋಟೆ ಮೌಸರನ ಹಳೆಯ 7×57 ಮಿಲಿಮೀಟರಿನದೇ. ಇಂದಿನ 7 ಎಂಎಂ-08ಕ್ಕೂ ಅದಕ್ಕೂ ಬಲದಲ್ಲಿ ಹೇಳಿಕೊಳ್ಳುವ ಅಂತರವಿಲ್ಲ. ಆಫ್ರಿಕದಲ್ಲಿ ಸಾವಿರಕ್ಕೂ ಹೆಚ್ಚು ಆನೆಗಳನ್ನು ಕೊಂದ ಸ್ಕಾಟ್‌ಲೆಂಡಿನ ಡಬ್ಲ್ಯು. ಡಿ. ಎಂ. ಬೆಲ್ ಅವುಗಳಲ್ಲಿ ಬಹುಪಾಲಿಗೆ ಬಳಸಿದ್ದೂ ಇದೇ ತೋಟೆ. ಬೆಲ್ ಆನೆಯ ತಲೆಬುರುಡೆಗಳನ್ನು ಕೊಯ್ದು ಮಿದುಳಿನ ಸ್ಥಾನವನ್ನು ಅಭ್ಯಾಸ ಮಾಡಿದ್ದವನು, ಆದ್ದರಿಂದ ಅವನನ್ನು ಅನುಕರಿಸುವುದು ಹುಂಬತನ. ಆದರೆ ಗುಂಡು ಎಲ್ಲಿ ತಗುಲುತ್ತದೆಂಬುದು ಎಷ್ಟು ದೊಡ್ಡದೆಂಬುದಕ್ಕಿಂತ ಮುಖ್ಯವೆಂಬುದಕ್ಕೆ ಇದಕ್ಕಿಂತ ಕಟುವಾದ ಉದಾಹರಣೆ ಸಿಗಲಾರದು. ಪೂರ್ಣಚಂದ್ರ ತೇಜಸ್ವಿಯವರ ಅನುವಾದದಿಂದ ಕನ್ನಡದಲ್ಲಿ ಮನೆಮಾತಾದ ಕೆನೆತ್ ಆಂಡರ್ಸನ್ ಅವರ .405 ವಿಂಚೆಸ್ಟರ್ ಮಾತ್ರ ಭಾರೀ ಒದೆತದ್ದು, ಆದರೆ ಅದು ಬೋಲ್ಟ್ ರೈಫಲಲ್ಲ, 1895ರ ಮಾದರಿಯ ಲಿವರ್ ರೈಫಲು. ಬೇಟೆಯ ಆ ಕಾಲ ಭಾರತದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯೊಂದಿಗೆ ಮುಗಿದುದರಿಂದ, ಇಲ್ಲಿ ಬೇಟೆಗಾಗಿ ರೈಫಲು ಕೊಳ್ಳುವ ಪ್ರಶ್ನೆಯೇ ಇಲ್ಲ. ಇಶಾಪುರದ ಸರ್ಕಾರಿ ಕಾರ್ಖಾನೆ ತಯಾರಿಸುವ .315 ಬೋಲ್ಟ್ ರೈಫಲು 1959ರ ಶಸ್ತ್ರಾಸ್ತ್ರ ಕಾಯಿದೆಯಡಿ ಪರವಾನಗಿ ಪಡೆದವರಿಗೆ ಆತ್ಮರಕ್ಷಣೆಯಂಥ ಕಾರಣಗಳಿಗಾಗಿ ದೊರೆಯುತ್ತದೆ, ಮತ್ತು ಕೊಡಗಿನಲ್ಲಿ ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಇರುವ ಪರವಾನಗಿ ವಿನಾಯಿತಿ ಕೋವಿಯನ್ನು ಇಟ್ಟುಕೊಳ್ಳುವುದಕ್ಕೆ ಸಂಬಂಧಿಸಿದ್ದೇ ಹೊರತು ಬೇಟೆಗೆ ಕೊಟ್ಟ ಅನುಮತಿಯಲ್ಲ.

ಅಮೆರಿಕದ ಬೇಟೆಗಾರರು ಹೆಚ್ಚಾಗಿ ಬೆನ್ನುಹತ್ತುವ ಬಿಳಿಬಾಲದ ಜಿಂಕೆ ಸಾಮಾನ್ಯವಾಗಿ 50ರಿಂದ 100 ಕಿಲೋ ತೂಗುತ್ತದೆ, ಮತ್ತು ಅದಕ್ಕೆ ಮೇಲೆ ಹೇಳಿದ ಯಾವ ಸಾಧಾರಣ ತೋಟೆಯೂ ಸಾಕು. ಪಶ್ಚಿಮದ ಬೆಟ್ಟಗಳ ಎಲ್ಕ್ 300 ಕಿಲೋವನ್ನೂ ದಾಟಬಲ್ಲ ಪ್ರಾಣಿಯಾದ್ದರಿಂದ ಅಲ್ಲಿ .308 ಅಥವಾ .30-06ರಂಥದು ವಿವೇಕದ ಆಯ್ಕೆ. ಮೊದಲ ಮತ್ತು ಬಹುಶಃ ಏಕೈಕ ರೈಫಲು ಎರಡಕ್ಕೂ ಒದಗಬೇಕೆಂದಾದರೆ .308, 7 ಎಂಎಂ-08, 6.5 ಕ್ರೀಡ್‌ಮೋರ್ ಈ ಮೂರರಲ್ಲಿ ಊರಿನ ಅಂಗಡಿಯಲ್ಲಿ ಯಾವುದರ ತೋಟೆ ಸದಾ ಸಿಗುತ್ತದೆಯೋ ಅದನ್ನು ಆರಿಸುವುದು ಲೇಸು. ಚಿಕ್ಕ ಮೈಕಟ್ಟಿನವರಿಗೂ ಎಳೆಯರಿಗೂ .243 ಕೈಗೆ ಹೊಂದುತ್ತದೆ, ಆದರೆ ಅದರ ಹಗುರ ಗುಂಡು ಎಡವಟ್ಟು ಈಡನ್ನು ಕ್ಷಮಿಸುವುದಿಲ್ಲ.

ತೋಟೆಯ ಹೆಸರಿಗಿಂತ ಗುಂಡಿನ ರಚನೆಗೆ ಕಡಿಮೆ ಗಮನ ಸಿಗುವುದು ವಿಪರ್ಯಾಸ. ಬೇಟೆಯ ಗುಂಡು ದೇಹದೊಳಗೆ ಹೊಕ್ಕ ಮೇಲೆ ಅಣಬೆಯ ತಲೆಯಂತೆ ಅರಳಬೇಕು, ಆದರೆ ಒಡೆದು ಚೂರಾಗದೆ ಒಳಕ್ಕೂ ಸಾಗಬೇಕು. ಈ ಎರಡು ಬೇಡಿಕೆಗಳು ಒಂದಕ್ಕೊಂದು ವಿರುದ್ಧ. 1946ರಲ್ಲಿ ಕೆನಡಾದ ಬ್ರಿಟಿಷ್ ಕೊಲಂಬಿಯದಲ್ಲಿ ಮೂಸ್ ಎಂಬ ಭಾರೀ ಸಾರಂಗದ ಮೇಲೆ ತನ್ನ ಗುಂಡುಗಳು ಆಳಕ್ಕಿಳಿಯದೆ ಹೋದುದನ್ನು ಕಂಡ ಜಾನ್ ನಾಸ್ಲರ್, ಗುಂಡಿನ ನಡುವೆ ತಾಮ್ರದ ಅಡ್ಡಗೋಡೆಯಿಟ್ಟು ಮುಂಭಾಗ ಅರಳುವಂತೆ, ಹಿಂಭಾಗ ಗಟ್ಟಿಯಾಗಿ ಉಳಿಯುವಂತೆ ಮಾಡಿದ. 1948ರಿಂದ ಮಾರಾಟವಾದ ಈ ಪಾರ್ಟಿಷನ್ ಗುಂಡು ಇಂದಿಗೂ ತಯಾರಾಗುತ್ತಿದೆ. ನಂತರ ಸೀಸವೇ ಇಲ್ಲದ, ಇಡಿಯಾಗಿ ತಾಮ್ರದ ಗುಂಡುಗಳು ಬಂದವು. ಸೀಸದ ಚೂರುಗಳುಳ್ಳ ಕಳೇಬರವನ್ನು ತಿಂದ ಕಾಂಡೋರ್ ರಣಹದ್ದುಗಳು ಸಾಯುತ್ತಿದ್ದುದರಿಂದ ಕ್ಯಾಲಿಫೋರ್ನಿಯ ರಾಜ್ಯ 2019ರ ಜುಲೈ 1ರಿಂದ ಬೇಟೆಯಲ್ಲಿ ಸೀಸದ ಗುಂಡನ್ನು ಪೂರ್ತಿ ನಿಷೇಧಿಸಿದೆ. ತಾಮ್ರ ಸೀಸಕ್ಕಿಂತ ಹಗುರವಾದುದರಿಂದ ಅದೇ ತೂಕದ ಗುಂಡು ಉದ್ದವಾಗುತ್ತದೆ, ಉದ್ದವಾದ ಗುಂಡನ್ನು ಸ್ಥಿರವಾಗಿಡಲು ನಳಿಗೆಯ ಸುರುಳಿ ಇನ್ನಷ್ಟು ಬಿಗಿಯಾಗಿರಬೇಕಾಗುತ್ತದೆ. ಆದ್ದರಿಂದ ಕೊಳ್ಳುವಾಗಲೇ ಸುರುಳಿಯ ಅಳತೆಯನ್ನು ವಿಚಾರಿಸಬೇಕು. 6.5 ಕ್ರೀಡ್‌ಮೋರ್‌ಗೆ ಎಂಟು ಅಂಗುಲಕ್ಕೊಂದು ಸುತ್ತು, .308ಕ್ಕೆ ಹತ್ತು ಅಂಗುಲಕ್ಕೊಂದು ಸುತ್ತು ಇದ್ದರೆ ಚಿಂತೆಯಿಲ್ಲ.

ಯಂತ್ರಭಾಗದ ಬಗ್ಗೆ ಬೇಟೆಗಾರರ ನಡುವೆ ನಡೆಯುವ ವಾದಗಳಿಗೆ ಕೊನೆಯಿಲ್ಲ. ಮೌಸರನ ಉದ್ದುಗುರಿನ ವ್ಯವಸ್ಥೆ ಒಳ್ಳೆಯದೋ, ತೋಟೆಯನ್ನು ಸುಮ್ಮನೆ ಮುಂದಕ್ಕೆ ನೂಕಿ ಕೊನೆಯಲ್ಲಿ ಹಿಡಿಯುವ ಸರಳ ವ್ಯವಸ್ಥೆ ಸಾಕೋ ಎಂಬುದು ಅವುಗಳಲ್ಲಿ ಹಿರಿದು. ಖರ್ಚು ಉಳಿಸಲೆಂದು ವಿಂಚೆಸ್ಟರ್ ಕಂಪನಿ 1964ರಲ್ಲಿ ಮಾಡೆಲ್ 70ರಿಂದ ಉದ್ದುಗುರನ್ನು ಕೈಬಿಟ್ಟಾಗ ಎದ್ದ ಅಸಮಾಧಾನ ಎಷ್ಟೆಂದರೆ ಅದಕ್ಕೂ ಹಿಂದಿನ ರೈಫಲುಗಳು ಇಂದಿಗೂ ಹೆಚ್ಚಿನ ಬೆಲೆಗೆ ಕೈ ಬದಲಾಗುತ್ತವೆ, ಮತ್ತು ಕಂಪನಿಯೇ 1990ರ ದಶಕದಲ್ಲಿ ಹಳೆಯ ವ್ಯವಸ್ಥೆಗೆ ಮರಳಿತು. ಎದುರಿಗೆ ಬರುವ ಅಪಾಯಕಾರಿ ಪ್ರಾಣಿಯ ಮುಂದೆ ಈ ವ್ಯತ್ಯಾಸ ಜೀವನ್ಮರಣದ್ದಾಗಬಹುದು. ಜಿಂಕೆಯ ಮುಂದೆ ಅಲ್ಲ. ಸರಳ ವ್ಯವಸ್ಥೆಯ ರೆಮಿಂಗ್ಟನ್ 700ನ್ನೇ ಅಮೆರಿಕದ ಸೈನ್ಯ ತನ್ನ ಎಂ24 ಸ್ನೈಪರ್ ರೈಫಲಿಗೆ ಬುನಾದಿಯಾಗಿ ಆರಿಸಿಕೊಂಡಿತ್ತೆಂಬುದು ಇಷ್ಟಕ್ಕೆ ಸಾಕ್ಷಿ.

ಟ್ರಿಗರಿನ ಗುಣ ಇದಕ್ಕಿಂತ ಹೆಚ್ಚು ಮಹತ್ವದ್ದು. ಅದು ಎಳೆದಾಡದೆ, ತೆವಳದೆ, ಗಾಜಿನ ಕಡ್ಡಿ ಮುರಿದಂತೆ ತಟ್ಟನೆ ಬಿಡಬೇಕು, ಮತ್ತು ಬಿಡಲು ಬೇಕಾದ ಒತ್ತಡ ಒಂದೂವರೆ ಕಿಲೋ ಆಸುಪಾಸಿನಲ್ಲಿರಬೇಕು. ಹಿಂದೆ ಕಾರ್ಖಾನೆಗಳು ಮೊಕದ್ದಮೆಯ ಭಯದಿಂದ ಇದರ ಎರಡು ಮೂರು ಪಟ್ಟು ಬಿಗಿಯಾಗಿಟ್ಟು ಕಳಿಸುತ್ತಿದ್ದವು. 2000ದ ದಶಕದ ಆರಂಭದಲ್ಲಿ ಸ್ಯಾವೇಜ್ ತಂದ, ಕೊಳ್ಳುವವರೇ ಹೊಂದಿಸಿಕೊಳ್ಳಬಹುದಾದ ಅಕ್ಯುಟ್ರಿಗರ್ ಉಳಿದವರನ್ನೂ ಅದೇ ದಾರಿಗೆ ಎಳೆಯಿತು. ಹಗುರ ಟ್ರಿಗರು ಸುರಕ್ಷಿತವೂ ಆಗಿರಬೇಕೆಂಬುದು ಪ್ರತ್ಯೇಕವಾಗಿ ಹೇಳಬೇಕಾದ ಮಾತು: ತಾನಾಗಿಯೇ ಸಿಡಿಯುವ ಸಾಧ್ಯತೆ ಕಂಡುಬಂದದ್ದರಿಂದ ರೆಮಿಂಗ್ಟನ್ ಕಂಪನಿ 2014ರಲ್ಲಿ ಒಂದು ಬಗೆಯ ಟ್ರಿಗರುಳ್ಳ 700ಗಳನ್ನು ಹಿಂದಕ್ಕೆ ತರಿಸಿಕೊಂಡಿತು. ಹಳೆಯ ರೈಫಲು ಕೊಳ್ಳುವವರು ಅದು ಅಂಥ ಪಟ್ಟಿಗೆ ಸೇರಿದ್ದೇ, ದುರಸ್ತಿಯಾಗಿದೆಯೇ ಎಂಬುದನ್ನು ಕ್ರಮಸಂಖ್ಯೆಯಿಂದ ತಿಳಿದುಕೊಳ್ಳಬೇಕು.

ಹೆಗಲಿಗೆ ಆನಿಸುವ ಸ್ಟಾಕ್ ಅಕ್ರೋಟ್ ಮರದ್ದಾದರೆ ಕಣ್ಣಿಗೆ ಹಿತ, ಆದರೆ ಮರ ತೇವದಲ್ಲಿ ಉಬ್ಬಿ ನಳಿಗೆಯನ್ನು ಒತ್ತಿದರೆ ಗುಂಡು ಬೀಳುವ ಜಾಗವೇ ಸರಿಯುತ್ತದೆ. ಕೃತಕ ವಸ್ತುವಿನ ಸ್ಟಾಕಿಗೆ ಚೆಲುವಿಲ್ಲ, ಈ ಕಾಟವೂ ಇಲ್ಲ. ಅದಕ್ಕಿಂತ ಮೊದಲು ನೋಡಬೇಕಾದದ್ದು ಅಳತೆ. ಟ್ರಿಗರಿನಿಂದ ಸ್ಟಾಕಿನ ಹಿಂತುದಿಯವರೆಗಿನ ಉದ್ದ ಸಾಮಾನ್ಯವಾಗಿ 34 ಸೆಂಟಿಮೀಟರ್ ಇದ್ದು, ಅದು ಅಮೆರಿಕದ ಸರಾಸರಿ ಗಂಡಸಿನ ತೋಳಿಗೆ ಹೊಂದುವಂಥದು. ಗಿಡ್ಡ ತೋಳಿನವರು, ಮಹಿಳೆಯರು, ಎಳೆಯರು ಬಿಲ್ಲೆಗಳನ್ನು ಸೇರಿಸಿ ತೆಗೆದು ಉದ್ದ ಬದಲಿಸಬಹುದಾದ ಸ್ಟಾಕನ್ನು ಹುಡುಕಬೇಕು. ಕಣ್ಣು ಮುಚ್ಚಿ ರೈಫಲನ್ನು ಹೆಗಲಿಗೇರಿಸಿ, ಕೆನ್ನೆಯನ್ನು ಸ್ಟಾಕಿಗಾನಿಸಿ, ಕಣ್ಣು ತೆರೆದಾಗ ದುರ್ಬೀನಿನ ಪೂರ್ಣ ವೃತ್ತ ಕಾಣುವುದಾದರೆ ಅಳತೆ ಸರಿಯಿದೆ. ಎಡಗೈಯವರಿಗೆ ಎಡಬದಿಯಲ್ಲಿ ಬೋಲ್ಟಿರುವ ರೈಫಲುಗಳು ಸಿಗುತ್ತವೆ, ಎಲ್ಲ ಮಾದರಿಗಳಲ್ಲಿ ಅಲ್ಲ.

ಬೆಲೆಯ ವಿಚಾರ ಇತ್ತೀಚೆಗೆ ಕೊಳ್ಳುವವರಿಗೆ ಅನುಕೂಲವಾಗಿಯೇ ಇದೆ. ಗಣಕಯಂತ್ರ ನಿಯಂತ್ರಿತ ತಯಾರಿಕೆಯಿಂದಾಗಿ ರೂಗರ್ ಅಮೆರಿಕನ್, ಸ್ಯಾವೇಜ್‌ನ ಅಗ್ಗದ ಮಾದರಿಗಳಂಥ ಐನೂರು ಡಾಲರ್ ಆಸುಪಾಸಿನ ರೈಫಲುಗಳೂ ಹಿಂದಿನ ತಲೆಮಾರಿನ ದುಬಾರಿ ರೈಫಲುಗಳಷ್ಟೇ ನಿಖರವಾಗಿ ಹೊಡೆಯುತ್ತವೆ. ಅವುಗಳ ಬೋಲ್ಟ್ ಒರಟಾಗಿ ಓಡಾಡುತ್ತದೆ, ಸ್ಟಾಕ್ ಟೊಳ್ಳಾಗಿ ಸದ್ದು ಮಾಡುತ್ತದೆ, ಅಷ್ಟೆ. ಇನ್ನೂ ಕೆಲವು ನೂರು ಡಾಲರ್ ತೆತ್ತರೆ ಫಿನ್‌ಲೆಂಡಿನ ರೀಹಿಮಾಕಿಯಲ್ಲಿ ಸಾಕೋ ಕಂಪನಿ ತಯಾರಿಸುವ ಟಿಕ್ಕಾದಂಥ ರೈಫಲಿನ ಬೋಲ್ಟು ಎಣ್ಣೆಯಲ್ಲಿ ಜಾರಿದ ಹಾಗೆ ಚಲಿಸುವುದನ್ನು ಅನುಭವಿಸಬಹುದು.

ನಿಖರತೆಯನ್ನು ಅಳೆಯುವ ಮಾನ ಕೋನದ ಒಂದು ಮಿನಿಟು, ಅಂದರೆ ಒಂದು ಡಿಗ್ರಿಯ ಅರವತ್ತನೆಯ ಒಂದು ಭಾಗ. ನೂರು ಮೀಟರಿನಲ್ಲಿ ಇದು 2.9 ಸೆಂಟಿಮೀಟರ್ ಅಗಲಕ್ಕೆ ಸಮ. ಒಂದು ಮಿನಿಟಿನೊಳಗೆ ಈಡುಗಳನ್ನು ಕೂಡಿಸುವ ರೈಫಲಿಗಾಗಿ ಹೊಸಬರು ಹಂಬಲಿಸುತ್ತಾರೆ, ಕಾರ್ಖಾನೆಗಳೂ ಅದನ್ನೇ ಜಾಹೀರಾತು ಮಾಡುತ್ತವೆ. ಆದರೆ ಜಿಂಕೆಯ ಹೃದಯ ಮತ್ತು ಶ್ವಾಸಕೋಶಗಳಿರುವ ಜಾಗದ ಅಗಲ 20 ಸೆಂಟಿಮೀಟರಿಗೆ ಕಡಿಮೆಯಿಲ್ಲ. ಎರಡು ಮಿನಿಟಿನ ಸಾಧಾರಣ ರೈಫಲು ಇನ್ನೂರು ಮೀಟರಿನಲ್ಲಿ ತನ್ನ ಈಡುಗಳನ್ನು 12 ಸೆಂಟಿಮೀಟರಿನೊಳಗೆ ಇಡುತ್ತದೆಯಾದ್ದರಿಂದ, ತಪ್ಪಿದ ಈಡಿಗೆ ಬಹುತೇಕ ಯಾವಾಗಲೂ ಕಾರಣ ರೈಫಲಲ್ಲ, ಅದನ್ನು ಹಿಡಿದವರ ಕೈ. ಮೇಜಿನ ಮೇಲೆ ಮರಳುಚೀಲಕ್ಕೆ ಆನಿಸಿ ಹೊಡೆದ ಗುಂಪಿನ ಅಗಲಕ್ಕೂ, ಏದುಸಿರಿನಲ್ಲಿ ಮಂಡಿಯೂರಿ ಹೊಡೆಯುವಾಗಿನ ನಿಖರತೆಗೂ ಸಂಬಂಧವೇ ಕಡಿಮೆ.

ರೈಫಲಿನ ಮೇಲೆ ಕೂರುವ ದುರ್ಬೀನಿಗೆ, ಅಂದರೆ ಸ್ಕೋಪಿಗೆ, ಬಜೆಟ್ಟಿನ ದೊಡ್ಡ ಪಾಲನ್ನು ತೆಗೆದಿಡುವುದು ಸರಿ. ಮೂರರಿಂದ ಒಂಬತ್ತು ಪಟ್ಟು ಹಿಗ್ಗಿಸಿ ತೋರಿಸುವ, ಮುಂಗಾಜು 40 ಮಿಲಿಮೀಟರ್ ಇರುವ ಸ್ಕೋಪು ದಶಕಗಳಿಂದ ಜಿಂಕೆ ಬೇಟೆಯ ಮಾಮೂಲು ಆಯ್ಕೆ; ಇಪ್ಪತ್ತು ಪಟ್ಟು ಹಿಗ್ಗಿಸುವವು ಭಾರವಾಗಿ, ನೋಟದ ವ್ಯಾಪ್ತಿ ಕಿರಿದಾಗಿ, ಕಾಡಿನ ನೆರಳಿನಲ್ಲಿ ಪ್ರಾಣಿಯನ್ನು ಹುಡುಕುವುದನ್ನೇ ಕಷ್ಟ ಮಾಡುತ್ತವೆ. ಕಣ್ಣಿಗೂ ಸ್ಕೋಪಿನ ಹಿಂಗಾಜಿಗೂ ನಡುವೆ ಒಂಬತ್ತು ಸೆಂಟಿಮೀಟರಿನಷ್ಟಾದರೂ ಅಂತರ ಇರದಿದ್ದರೆ ಒದೆತಕ್ಕೆ ಅದರ ಅಂಚು ಹುಬ್ಬನ್ನು ಸೀಳುತ್ತದೆ. ಅಗ್ಗದ ಸ್ಕೋಪಿಗಿಂತಲೂ ಹೆಚ್ಚು ಕಿರುಕುಳ ಕೊಡುವುದು ಸಡಿಲವಾದ ಉಂಗುರಗಳು ಮತ್ತು ತಿರುಪುಗಳು. ಗುಂಡು ಎಲ್ಲೆಲ್ಲೋ ಹೋಗುತ್ತಿದೆಯೆಂದು ರೈಫಲನ್ನು ದೂರುವ ಮುನ್ನ ಅವುಗಳನ್ನು ಬಿಗಿಮಾಡಿ ನೋಡಬೇಕು.

ಸ್ಕೋಪಿನ ಗೆರೆ ಮತ್ತು ಗುಂಡಿನ ಹಾದಿ ಯಾವ ದೂರದಲ್ಲಿ ಸೇರಬೇಕೆಂದು ನಿಗದಿಪಡಿಸುವುದಕ್ಕೆ ಜೀರೋ ಮಾಡುವುದು ಎನ್ನುತ್ತಾರೆ. .308ರಲ್ಲಿ 9.7 ಗ್ರಾಂ ತೂಕದ ಗುಂಡನ್ನು ಇನ್ನೂರು ಗಜಕ್ಕೆ ಜೀರೋ ಮಾಡಿದರೆ ಅದು ನೂರು ಗಜದಲ್ಲಿ ಗೆರೆಗಿಂತ ಸುಮಾರು 5 ಸೆಂಟಿಮೀಟರ್ ಮೇಲೆಯೂ, ಮುನ್ನೂರು ಗಜದಲ್ಲಿ 20 ಸೆಂಟಿಮೀಟರಿಗೂ ತುಸು ಹೆಚ್ಚು ಕೆಳಗೂ ಬೀಳುತ್ತದೆ. ಅಂದರೆ ಇನ್ನೂರು ಗಜ ದಾಟುವವರೆಗೂ ಲೆಕ್ಕಾಚಾರವಿಲ್ಲದೆ ನೇರ ಗುರಿಯಿಟ್ಟರೆ ಸಾಕು. ಹೊಸಬರಿಗೆ ಅದರಾಚೆಯ ಈಡು ತರವಲ್ಲ. ತೋಟೆಯ ತಯಾರಕರು ಅಥವಾ ಗುಂಡಿನ ತೂಕ ಬದಲಾದರೆ ಬೀಳುವ ಜಾಗವೂ ಬದಲಾಗುವುದರಿಂದ ಜೀರೋ ಮತ್ತೆ ಮಾಡಬೇಕು. ದೊಡ್ಡ ತೋಟೆಯೊಂದರ ಬೆಲೆ ಒಂದು ಡಾಲರಿಗೂ ಹೆಚ್ಚು, ಹಲವು ಸಲ ಎರಡಕ್ಕೂ ಹೆಚ್ಚು. ಆದ್ದರಿಂದಲೇ ಅನುಭವಿಗಳು ಅದೇ ಬಗೆಯ ಬೋಲ್ಟುಳ್ಳ .22ರ ರೈಫಲೊಂದನ್ನು ಜೊತೆಗೆ ಇಟ್ಟುಕೊಂಡು ಕೆಲವೇ ಸೆಂಟುಗಳ ತೋಟೆಯಿಂದ ವರ್ಷವಿಡೀ ಅಭ್ಯಾಸ ಮಾಡಲು ಹೇಳುತ್ತಾರೆ. ಒದೆತವೂ ಸದ್ದೂ ಎಷ್ಟೋ ಕಡಿಮೆಯಿರುವ ಆ ಅಭ್ಯಾಸದಲ್ಲಿ ಕಲಿತ ಟ್ರಿಗರಿನ ಒತ್ತು ದೊಡ್ಡ ರೈಫಲಿಗೂ ಹಾಗೆಯೇ ಸಾಗಿಬರುತ್ತದೆ.

ಕೊಳ್ಳುವ ಮುನ್ನ ರಾಜ್ಯದ ನಿಯಮವನ್ನು ಓದಬೇಕು, ಏಕೆಂದರೆ ಒಂದು ರಾಜ್ಯದಲ್ಲಿ ಮಾಮೂಲಾದ ರೈಫಲು ಪಕ್ಕದ ರಾಜ್ಯದಲ್ಲಿ ಅಪರಾಧವಾಗಬಹುದು. ಜನವಸತಿ ದಟ್ಟವಾಗಿರುವ ಸಮತಟ್ಟು ನೆಲದ ಒಹಾಯೋದಲ್ಲಿ ಜಿಂಕೆಯ ಬೇಟೆಗೆ ಇಲ್ಲಿ ಹೇಳಿದ ಯಾವ ಸೀಸೆಕತ್ತಿನ ತೋಟೆಗೂ ಅನುಮತಿಯಿಲ್ಲ. ಕತ್ತು ಕಿರಿದಾಗದ, ಬೇಗ ನೆಲಕ್ಕಿಳಿಯುವ ನೇರ ಚಿಪ್ಪಿನ ತೋಟೆಗಳಿಗೆ ಮಾತ್ರ ಇದೆ. ಬೇಟೆಯ ಸುರಕ್ಷತಾ ತರಬೇತಿಯನ್ನು 1949ರಲ್ಲಿ ಮೊದಲು ಕಡ್ಡಾಯಗೊಳಿಸಿದ್ದು ನ್ಯೂಯಾರ್ಕ್, ಈಗ ಎಲ್ಲ ರಾಜ್ಯಗಳಲ್ಲಿಯೂ ಅಂಥ ತರಬೇತಿ ಇದೆ. 1937ರ ಪಿಟ್‌ಮನ್-ರಾಬರ್ಟ್‌ಸನ್ ಕಾಯಿದೆಯಂತೆ ರೈಫಲು ಮತ್ತು ತೋಟೆಗಳ ಮೇಲೆ ತಯಾರಕರಿಂದ ವಸೂಲಾಗುವ ಶೇಕಡಾ 11ರ ತೆರಿಗೆ ರಾಜ್ಯಗಳ ವನ್ಯಜೀವಿ ಇಲಾಖೆಗಳಿಗೆ ಹೋಗುತ್ತದೆ. ಬೇಟೆಯನ್ನು ಒಪ್ಪದವರೂ ಗಮನಿಸಬೇಕಾದ ಏರ್ಪಾಡು ಇದು. 1968ರ ಕೇಂದ್ರ ಕಾಯಿದೆಯ ಪ್ರಕಾರ ಪರವಾನಗಿಯುಳ್ಳ ವ್ಯಾಪಾರಿ 18 ವರ್ಷ ತುಂಬಿದವರಿಗೆ ಮಾತ್ರ ರೈಫಲು ಮಾರಬಹುದು, ಮತ್ತು 1998ರಿಂದ ಮಾರಾಟಕ್ಕೆ ಮುನ್ನ ಕೊಳ್ಳುವವರ ಪೂರ್ವಾಪರವನ್ನು ರಾಷ್ಟ್ರೀಯ ದಾಖಲೆಗಳಲ್ಲಿ ತಪಾಸಣೆ ಮಾಡಿಸುವ ವ್ಯವಸ್ಥೆ ಜಾರಿಯಲ್ಲಿದೆ.

ಅಮೆರಿಕದಲ್ಲಿ ನೆಲೆಸಿದ ಕನ್ನಡಿಗರಲ್ಲಿ ಈ ಹವ್ಯಾಸಕ್ಕೆ ಮನಸ್ಸು ಮಾಡುವವರಿಗೆ ಇನ್ನೊಂದು ನಿಯಮ ಅನ್ವಯಿಸುತ್ತದೆ. ಗ್ರೀನ್ ಕಾರ್ಡ್ ಹೊಂದಿದವರನ್ನು ಈ ವಿಷಯದಲ್ಲಿ ಕೇಂದ್ರ ಕಾನೂನು ನಾಗರಿಕರಂತೆಯೇ ಕಾಣುತ್ತದೆ. ಎಚ್-1ಬಿಯಂಥ ತಾತ್ಕಾಲಿಕ ವೀಸಾದಲ್ಲಿರುವವರು ಮಾತ್ರ ಬಂದೂಕನ್ನಾಗಲಿ ತೋಟೆಯನ್ನಾಗಲಿ ಹೊಂದುವುದು ಸಾಮಾನ್ಯವಾಗಿ ಗಂಭೀರ ಅಪರಾಧ. ಅದಕ್ಕಿರುವ ಮುಖ್ಯ ವಿನಾಯಿತಿ ಅಮೆರಿಕದ ಯಾವುದಾದರೂ ರಾಜ್ಯ ಕೊಟ್ಟ, ಅವಧಿ ಮುಗಿಯದ ಬೇಟೆಯ ಪರವಾನಗಿ. ಆದ್ದರಿಂದ ಅಂಥವರು ಮೊದಲು ತರಬೇತಿ ಮುಗಿಸಿ, ಬಳಿಕ ಪರವಾನಗಿ ಪಡೆದು, ಆಮೇಲಷ್ಟೇ ಅಂಗಡಿಯ ಮೆಟ್ಟಿಲು ಹತ್ತಬೇಕಾಗುತ್ತದೆ. ಕೊಳ್ಳುವ ದಿನಕ್ಕೆ ಮಾತ್ರ ಪರವಾನಗಿ ಇದ್ದರೆ ಸಾಲದು. ರೈಫಲು ಮನೆಯಲ್ಲಿರುವಷ್ಟು ಕಾಲವೂ ಅದು ಚಾಲ್ತಿಯಲ್ಲಿರಬೇಕು, ಮತ್ತು ಬೇಟೆಯ ಋತು ಮುಗಿದ ಮೇಲೆ ನವೀಕರಣವನ್ನು ಮರೆತವರ ಕಪಾಟಿನಲ್ಲಿರುವ ರೈಫಲು ಅವರ ವೀಸಾಕ್ಕೇ ಸಂಚಕಾರ ತರಬಲ್ಲದು.